ಹಬ್ಬದ ಸಿಟ್ಟು ಮತ್ತು ಪಕ್ಕದ ಮನೆಯ ಆಕಾಶಬುಟ್ಟಿ

ನೀರು ತುಂಬುವ ಹಬ್ಬದ ಸಂಜೆ. ಹಂಡೆ ಇನ್ನೂ ತಿಕ್ಕಿಲ್ಲ. ಕಜ್ಜಾಯದ ಪಾಕ ಹದ ಮೀರಿದೆ. ಸೀರಿಯಲ್ ಸೆಟ್‌ನಲ್ಲಿ ಅರ್ಧ ಬಲ್ಬು ಉರಿಯುತ್ತಿಲ್ಲ. ಮನೆಯಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಸಿಟ್ಟು. ಆಗ ಪಕ್ಕದ ಮನೆ ಅಜ್ಜಿ ಗೇಟಿನ ಹತ್ತಿರ ಬಂದು, "ಆಕಾಶಬುಟ್ಟಿ ಕಟ್ಟಿಕೊಡ್ತೀಯೇನಪ್ಪಾ?" ಅಂದರು. ಇದೇ ಹೊತ್ತಿಗಾ ಅಂತ ಒಳಗೊಳಗೇ ಗೊಣಗುತ್ತಾ ಸ್ಟೂಲ್ ಎತ್ತಿಕೊಂಡು ಹೋದೆ. ಮೊಳೆಗೆ ದಾರ ಸುತ್ತಿ, ಬುಟ್ಟಿ ವಾಲದ ಹಾಗೆ ಗಂಟು ಬಿಗಿದು, ಸ್ವಿಚ್ ಹಾಕಿದೆ. ಜಗುಲಿ ತುಂಬ ಕೆಂಪು ಬೆಳಕು. ಹತ್ತು ನಿಮಿಷದ ಕೆಲಸ. ವಾಪಸ್ ಬಂದಾಗ ಹಂಡೆ ಹಾಗೇ ಇತ್ತು, ಸಿಟ್ಟು ಮಾತ್ರ ಇಳಿದಿತ್ತು.

ಇದು ನನ್ನೊಬ್ಬನ ಅನುಭವ ಅಲ್ವಾ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ರಪೋಸಾ ಮತ್ತು ಜೊತೆಗಾರರು ಇದನ್ನೇ ಅಳೆದು ನೋಡಿದ್ದಾರೆ. 77 ಮಂದಿ, 14 ದಿನ. ಪ್ರತಿ ರಾತ್ರಿ ಮೂರು ಲೆಕ್ಕ ಕೊಡಬೇಕು: ಇವತ್ತು ಏನೇನು ಕಿರಿಕಿರಿ ಆಯಿತು, ಯಾರಿಗೆ ಏನು ಸಹಾಯ ಮಾಡಿದಿರಿ, ಮನಸ್ಸು ಹೇಗಿದೆ. ಯಾರಿಗೋ ಬಾಗಿಲು ತೆರೆದು ಹಿಡಿದದ್ದೂ ಸಹಾಯವೇ. 2016ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲದ್ದು. ಜಾಸ್ತಿ ಸಹಾಯ ಮಾಡಿದ ದಿನ, ಕಿರಿಕಿರಿ ಎಷ್ಟೇ ಇದ್ದರೂ ಮನಸ್ಸು ಅಷ್ಟಾಗಿ ಕುಗ್ಗಿರಲಿಲ್ಲ. ತಾಪತ್ರಯ ಹೋಗುವುದಿಲ್ಲ, ಅದರ ಏಟು ಮೆತ್ತಗಾಗುತ್ತದೆ. ನಮ್ಮ ಹಂಡೆಯ ಹಾಗೆ.

ಮಿದುಳಿನೊಳಗೂ ಇಣುಕಿದ್ದಾರೆ. 2006ರಲ್ಲಿ ಮಿದುಳು ವಿಜ್ಞಾನಿ ಜೋರ್ಜ್ ಮೋಲ್ ತಂಡ ದಾನ ಕೊಡಲು ತೀರ್ಮಾನಿಸುವವರ ಮಿದುಳನ್ನು ಸ್ಕ್ಯಾನ್ ಮಾಡಿತು. ಕೈಗೆ ಹಣ ಬಂದಾಗ ಚುರುಕಾಗುವ ಜಾಗಗಳೇ, ಕೊಡುವಾಗಲೂ ಚುರುಕಾದವು.

ಹಾಗಿದ್ದರೆ ನಾವು ಹಿಂದೆಮುಂದೆ ನೋಡುವುದೇಕೆ? "ಇಷ್ಟು ಸಣ್ಣದನ್ನು ಕೊಟ್ಟರೆ ಏನಂದುಕೊಳ್ಳುತ್ತಾರೋ" ಅನ್ನುವ ಸಂಕೋಚ. ಷಿಕಾಗೋದಲ್ಲಿ ಚಳಿಗಾಲದ ಸ್ಕೇಟಿಂಗ್ ಅಂಗಳದಲ್ಲಿ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು ಜನರಿಂದ ಅಪರಿಚಿತರಿಗೆ ಒಂದೊಂದು ಲೋಟ ಬಿಸಿ ಚಾಕೊಲೇಟ್ ಕೊಡಿಸಿದರು. ಪಡೆದವರಿಗೆ ಆದ ಖುಷಿ, ಕೊಟ್ಟವರು ಊಹಿಸಿದ್ದಕ್ಕಿಂತ ಜಾಸ್ತಿ ಇತ್ತು. ಕೊಡುವವರ ಕಣ್ಣು ಲೋಟದ ಮೇಲೆ, ಪಡೆಯುವವರಿಗೆ ಅದರ ಹಿಂದಿನ ಅಕ್ಕರೆ.

ಈಗ ಒಂದು ತಕರಾರು. ಹಬ್ಬದ ದಿನ ನಸುಕಿನಲ್ಲೇ ಎದ್ದು ಎಲ್ಲರಿಗೂ ಎಣ್ಣೆ ಹಚ್ಚಿ, ಬಡಿಸಿ, ಕೊನೆಗೆ ತಣ್ಣಗಾದ ಸಾರಿನಲ್ಲಿ ಉಣ್ಣುವ ಅಮ್ಮನಿಗೆ "ಸೇವೆ ಮಾಡಿ, ಒತ್ತಡ ಇಳಿಯುತ್ತೆ" ಅಂದು ನೋಡಿ. ಸೌಟು ತಗೊಂಡು ಬರುತ್ತಾರೆ. ನ್ಯಾಯವೇ. ನೆಟ್ಟಾ ವೈನ್‌ಸ್ಟೈನ್ ಮತ್ತು ರಿಚರ್ಡ್ ರಯಾನ್ 2010ರಲ್ಲಿ ತೋರಿಸಿದ್ದೂ ಇದನ್ನೇ. ತಾನೇ ಇಷ್ಟಪಟ್ಟು ಮಾಡಿದ ಸಹಾಯ ಮಾಡಿದವರಿಗೆ ಹಿತ ಕೊಡುತ್ತದೆ. ಒತ್ತಾಯಕ್ಕೆ ಮಾಡಿದ್ದು ಹಾಗಲ್ಲ. "ಇಲ್ಲ" ಅನ್ನಲು ಆಗದ ಕೆಲಸಕ್ಕೆ ಸೇವೆ ಅಂತ ಹೆಸರಿಟ್ಟರೆ ಸುಸ್ತು ಕಮ್ಮಿಯಾಗುತ್ತದೆಯೇ? ಅಂಥ ಮನೆಯಲ್ಲಿ ದಯೆ ತೋರಿಸಬೇಕಾದವರು ಸೋಫಾದ ಮೇಲೆ ಕೂತವರು.

ಅವತ್ತು ಹುಣಸೆಹಣ್ಣು ಹಾಕಿ ಹಂಡೆ ತಿಕ್ಕಿದ್ದು ನಾನೇ. ಯಾರೂ ಹೇಳಿರಲಿಲ್ಲ. ಮಾರನೆಯ ದಿನ ಅಜ್ಜಿಗೆ ನಾಲ್ಕು ಕಜ್ಜಾಯ ಕಳಿಸಿದೆವು, ಕಲ್ಲಿನಂಥವು. ಖಾಲಿ ತಟ್ಟೆ ಕೊಡಬಾರದಲ್ಲ, ಒಂದು ಹಿಡಿ ಸಕ್ಕರೆ ಹಾಕಿ ವಾಪಸ್ ತಂದರು.

"ಹಾಲಲ್ಲಿ ನೆನೆಸಿಟ್ಟಿದ್ದೀನಿ," ಅಂದರು. "ಸಂಜೆಗೆ ಮೆತ್ತಗಾಗ್ಬಹುದು."