ಪದ ಪರಿಚಯ: ಕೆಸರು ಸಂಸ್ಕರಣೆಯ ಗಣಿತ ಮಾದರಿ

ಊರಿನ ಕೊಳಚೆ ನೀರನ್ನು ಶುದ್ಧ ಮಾಡಿದ ಮೇಲೆ ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ) ಉಳಿಯುವ ಗಸಿಯೇ ಸ್ಲಡ್ಜ್, ಅಂದರೆ ಕೆಸರು. ಹೆಸರು ಕೆಸರಾದರೂ ಅದರಲ್ಲಿರುವುದು ಬಹುಪಾಲು ನೀರೇ. ಕೆಸರಿನ ಸಂಸ್ಕರಣೆಗೆ ತಗಲುವ ಶಕ್ತಿಯ ದೊಡ್ಡ ಪಾಲನ್ನು ನುಂಗುವುದೂ ಈ ನೀರೇ.

ಟ್ಯಾಂಕಿಗೆ ಏನು ಬಂತು, ಒಳಗೆ ಏನಾಯಿತು, ಏನು ಹೊರಬಿತ್ತು ಎಂಬುದನ್ನು ಸಮೀಕರಣಗಳಲ್ಲಿ ಬರೆದರೆ ಅದು ಗಣಿತ ಮಾದರಿ. ಒಂದು ಸಣ್ಣ ಲೆಕ್ಕ ನೋಡಿ. ಶೇ. 2ರಷ್ಟು ಮಾತ್ರ ಘನವಸ್ತುವಿರುವ ಕೆಸರಿನಲ್ಲಿ ಒಂದು ಟನ್ ಒಣ ಘನವಸ್ತು ಇದ್ದರೆ ಒಟ್ಟು ತೂಕ 50 ಟನ್. ಡೈಜೆಸ್ಟರ್‌ಗಾಗಿ, ಅಂದರೆ ಗಾಳಿಯಿಲ್ಲದೆ ಕೆಸರನ್ನು ಕೊಳೆಸಿ ಗ್ಯಾಸ್ ಮಾಡುವ ಮುಚ್ಚಿದ ಟ್ಯಾಂಕಿಗಾಗಿ, ಅದನ್ನು 25 ಡಿಗ್ರಿಯಿಂದ 35ಕ್ಕೆ ಕಾಯಿಸಲು ಸುಮಾರು 580 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಬೇಕು. ಮೊದಲೇ ಗಟ್ಟಿ ಮಾಡಿ ಶೇ. 5ಕ್ಕೆ ತಂದರೆ ತೂಕ 20 ಟನ್‌ಗೆ ಇಳಿಯುತ್ತದೆ, ಶಾಖ 230 ಯೂನಿಟ್ ಸಾಕು. ಅದೇ ಒಂದು ಟನ್ನಿನ ಸಾವಯವ ಅಂಶದಲ್ಲಿ ಅರ್ಧ ಕರಗಿದರೆ ಸಿಗುವ ಮೀಥೇನ್‌ನಲ್ಲಿ ಹತ್ತಿರಹತ್ತಿರ 1,800 ಯೂನಿಟ್ ಶಾಖವಿದೆ. ಆದರೆ ಒಂದು ಟನ್ ಘನವಸ್ತುವಿರುವ, ಶೇ. 20ಕ್ಕೆ ಹಿಂಡಿದ ಕೆಸರನ್ನು ಬೆಂಕಿಯಿಟ್ಟು ಪೂರ್ತಿ ಒಣಗಿಸಲು ಹೊರಟರೆ ಕಡಿಮೆಯೆಂದರೂ 2,500 ಯೂನಿಟ್ ಬೇಕು; ಗ್ಯಾಸೆಲ್ಲ ಸುರಿದರೂ ಸಾಲದು. ಹಾಗಾಗಿ ಹಿಂಡಿ ತೆಗೆಯಬಹುದಾದ ನೀರನ್ನು ಕಾಯಿಸಿ ತೆಗೆಯಬಾರದು.

ಇನ್ನು ಡೈಜೆಸ್ಟರ್ ಒಳಗೆ ಜೀವಾಣುಗಳದ್ದೇ ಆಟ. ಒಂದು ಗುಂಪು ಆಮ್ಲ ಮಾಡುತ್ತದೆ, ಇನ್ನೊಂದು ಅದನ್ನು ಮೀಥೇನ್ ಮಾಡುತ್ತದೆ. ಎರಡನೆಯದು ನಿಧಾನವಾಗಿ ಬೆಳೆಯುವುದರಿಂದ ಒಮ್ಮೆಲೇ ಹೆಚ್ಚು ಕೆಸರು ತುಂಬಿದರೆ ಆಮ್ಲ ಏರಿ ಗ್ಯಾಸ್ ನಿಲ್ಲುತ್ತದೆ. ಈ ಹದವನ್ನು ಲೆಕ್ಕ ಹಾಕಲೆಂದೇ ಅಂತರರಾಷ್ಟ್ರೀಯ ಜಲ ಸಂಘದ ತಜ್ಞರ ತಂಡ 2002ರಲ್ಲಿ 'ಎಡಿಎಂ1' ಎಂಬ ಮಾದರಿಯನ್ನು ಪ್ರಕಟಿಸಿತು. ಆಹಾರ ಎಷ್ಟಿದ್ದರೆ ಜೀವಾಣು ಎಷ್ಟು ವೇಗವಾಗಿ ಬೆಳೆಯುತ್ತದೆ ಎಂದು ಹೇಳುವ ಮೊನೋ ಸಮೀಕರಣವೇ ಅದರ ಬೆನ್ನೆಲುಬು.

ಆಸ್ಟ್ರಿಯಾದ ಸ್ಟ್ರಾಸ್‌ನ ಕೊಳಚೆ ನೀರು ಶುದ್ಧೀಕರಣ ಘಟಕ ಇಂಥ ಗ್ಯಾಸಿನಿಂದ 2005ರ ಹೊತ್ತಿಗೇ ತಾನು ಬಳಸುವುದಕ್ಕಿಂತ ಹೆಚ್ಚು ವಿದ್ಯುತ್ ಉತ್ಪಾದಿಸುತ್ತಿತ್ತು. ಅಲ್ಲಿಯ ಅಂಕಿಗಳನ್ನು ಹಾಗೇ ನಮ್ಮ ಘಟಕಕ್ಕೆ ತಂದು ಹಾಕುವುದು ಮಾತ್ರ ತಪ್ಪು. ಚಳಿ ನಾಡಿನ 10 ಡಿಗ್ರಿಯ ಕೆಸರನ್ನು 35ಕ್ಕೆ ಏರಿಸಲು ತಗಲುವ ಶಾಖ, 25 ಡಿಗ್ರಿಯಲ್ಲೇ ಬರುವ ನಮ್ಮ ಕೆಸರಿಗೆ ಬೇಕಾದುದರ ಎರಡೂವರೆ ಪಟ್ಟು. ಬಿಸಿಯ ವಿಷಯದಲ್ಲಿ ನಮಗೆ ಹುಟ್ಟಿನಿಂದಲೇ ಲಾಭವಿದೆ. ಆದರೆ ಚರಂಡಿಯ ಮಣ್ಣು, ಮರಳು ಸೇರಿಕೊಂಡಿದ್ದರೆ ಗ್ಯಾಸ್ ಕೊಡುವ ಅಂಶ ಕಡಿಮೆ. ಅದು ಎಷ್ಟೆಂದು ಆಯಾ ಘಟಕದ ಲ್ಯಾಬ್‌ನಲ್ಲೇ ಕೆಸರನ್ನು ಸುಟ್ಟು, ತೂಗಿ ತಿಳಿಯಬೇಕು.