ಒಣಗದ ಒಂದು ಗೆರೆ

ಕೊಡಗಿನಲ್ಲಿ ಕಕ್ಕಡ ತಿಂಗಳ ಜಡಿಮಳೆ ಒಂದೆರಡು ಗಂಟೆ ಬಿಡುವು ಕೊಟ್ಟಾಗ ಭಾಗಮಂಡಲದ ಕಡೆಗೋ ಸಂಪಾಜೆ ಕಡೆಗೋ ಹೋಗುತ್ತಾ ರಸ್ತೆಯನ್ನು ಸುಮ್ನೆ ನೋಡಿ. ಡಾಂಬರು ಆರಿರುತ್ತದೆ. ಆದರೆ ಎಷ್ಟೋ ಕಡೆ ನಡುವೆ ಉದ್ದಕ್ಕೂ ಒಂದು ಗೆರೆ ಒದ್ದೆಯಾಗಿಯೇ ಇರುತ್ತದೆ. ರಸ್ತೆ ಬಾಯಿ ಬಿಡುವುದು ಹೆಚ್ಚಾಗಿ ಅಲ್ಲಿಂದಲೇ.

‘ನಮ್ಮಲ್ಲಿ ಮಳೆ ಜಾಸ್ತಿ, ರಸ್ತೆ ಉಳಿಯೋದಿಲ್ಲ’ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ನಿಜ. ಆದರೆ ನೀರು ಒಳಗೆ ಹೋಗಲು ದಾರಿ ಬೇಕಲ್ವಾ? ಆ ದಾರಿಯೇ ರಸ್ತೆಯ ಎರಡು ಅರ್ಧಗಳು ನಡುವೆ ಕೂಡುವ ಜಾಯಿಂಟ್.

ಅಕ್ಕಿ ರೊಟ್ಟಿ ತಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಡುವೆ ಒತ್ತಿದರೆ ಹಿಟ್ಟು ಗಟ್ಟಿಯಾಗಿ ಕೂರುತ್ತದೆ. ಅಂಚಿನಲ್ಲಿ ಒತ್ತಿದರೆ ಆಚೆ ಜಾರಿ ಬಿರಿಯುತ್ತದೆ, ಅದಕ್ಕೇ ಇನ್ನೊಂದು ಕೈಯ ಆಸರೆ ಕೊಡುತ್ತೇವೆ. ರಸ್ತೆಯ ಅರ್ಧಕ್ಕೆ ಜಲ್ಲಿ ಬೆರೆಸಿದ ಬಿಸಿ ಡಾಂಬರು ಹಾಕಿ ರೋಲರ್ ಓಡಿಸಿದಾಗ ಅದರ ಅಂಚಿಗೆ ಆಸರೆ ಇರುವುದಿಲ್ಲ. ಅದು ತಣ್ಣಗಾದ ಮೇಲೆ ಪಕ್ಕದ ಅರ್ಧ ಬರುತ್ತದೆ. ಆರಿದ ರೊಟ್ಟಿಗೆ ಹಸಿ ಹಿಟ್ಟು ಅಂಟಿಸಿದ ಹಾಗೆ! ಚೆನ್ನಾಗಿ ಕೂತ ಹೊಸ ಡಾಂಬರಿನಲ್ಲಿ ಗಾಳಿಯ ಸಂದು ಸಾಮಾನ್ಯವಾಗಿ ನೂರಕ್ಕೆ 7ರಷ್ಟು. ಸುಮಾರು 8 ದಾಟಿದರೆ ಸಂದುಗಳು ಒಂದಕ್ಕೊಂದು ಕೂಡಿಕೊಂಡು ನೀರಿಗೆ ಕಾಲುವೆಯಾಗುತ್ತವೆ. ಜಾಯಿಂಟಿನಲ್ಲಿ ಆಗುವುದು ಇದೇ.

ಮುಂದಿನದು ನನಗೆ ಬಹಳ ಇಷ್ಟದ ಭಾಗ. ಗ್ರಾನೈಟಿನಂಥ ಕಲ್ಲಿಗೆ ಡಾಂಬರಿಗಿಂತ ನೀರೇ ಹತ್ತಿರದ ನೆಂಟ. ಕೈಗೆ ಎಣ್ಣೆ ಹಚ್ಚಿಕೊಂಡರೆ ಹಲಸಿನ ಮೇಣ ಹತ್ತುವುದಿಲ್ಲ, ಹತ್ತಿದ್ದೂ ಎಣ್ಣೆ ತಿಕ್ಕಿದರೆ ಬಿಡುತ್ತದೆ. ಇಲ್ಲಿ ಆ ಎಣ್ಣೆಯ ಕೆಲಸ ನೀರಿನದು. ಅದು ಡಾಂಬರಿನ ಪದರದ ಅಡಿಗೆ ನುಸುಳಿ ಜಲ್ಲಿಯನ್ನು ಬೆತ್ತಲೆ ಮಾಡುತ್ತದೆ. ಮೇಲೆ ಮರ ತುಂಬಿದ ಲಾರಿಯ ಚಕ್ರ ಹಾದರೆ ಸಂದಿನ ನೀರು ಪಿಚಕಾರಿಯಂತೆ ಒಳಗೆ ಚಿಮ್ಮುತ್ತದೆ. ಚಕ್ರ ದಾಟಿದೊಡನೆ ಸಣ್ಣ ಪುಡಿಯನ್ನು ಹೊತ್ತು ಮೇಲೆ ಬರುತ್ತದೆ. ಬಿರುಕಿನ ಪಕ್ಕ ಮಣ್ಣುಬಣ್ಣದ ಕಲೆ ಕಂಡರೆ, ರಸ್ತೆಯ ಒಳಗಿನ ಪುಡಿ ಹೊರಬರುತ್ತಿದೆ ಅಂತಲೇ ತಿಳಿಯಿರಿ.

ನಮ್ಮ ಗುತ್ತಿಗೆದಾರರ ಬಾಯಲ್ಲಿ ಇವತ್ತಿಗೂ ಜಲ್ಲಿ ಪದರದ ಹೆಸರಾದ ‘ಮೆಕಡಂ’ ಆಗಿ ಉಳಿದಿರುವ ಸ್ಕಾಟ್ಲೆಂಡಿನ ಜಾನ್ ಮೆಕಾಡಮ್, 1816ರಲ್ಲಿ ಬ್ರಿಸ್ಟಲ್ ರಸ್ತೆಗಳ ಉಸ್ತುವಾರಿ ವಹಿಸಿಕೊಂಡವನು. ಭಾರ ಹೊರುವುದು ಕೆಳಗಿನ ನೆಲ, ಅದನ್ನು ಒಣಗಿಸಿಡಿ ಅನ್ನುವುದು ಅವನ ಹಟ. ಅವನ ರಸ್ತೆಗೆ ಡಾಂಬರೇ ಇರಲಿಲ್ಲ! ಬರೀ ಸಣ್ಣ ಜಲ್ಲಿ, ನೀರು ಹರಿಯಲು ಚೂರು ಇಳಿಜಾರು.

ಉಪಾಯ ಕಷ್ಟದ್ದಲ್ಲ. ಸಡಿಲ ಅಂಚನ್ನು ನೆಟ್ಟಗೆ ಕತ್ತರಿಸಿ, ಆ ಮುಖಕ್ಕೆ ಡಾಂಬರು ಬಳಿದು, ಆಮೇಲೆ ಪಕ್ಕದ ಅರ್ಧ ಹಾಕಬೇಕು, ಬಿಸಿ ಇರುವಾಗಲೇ ಒತ್ತಬೇಕು. ಮಿಶ್ರಣಕ್ಕೆ ನೂರಕ್ಕೆ 1–2 ಪಾಲು ಸುಣ್ಣದ ಪುಡಿ ಸೇರಿಸಿದರೆ ಡಾಂಬರು ಕಲ್ಲನ್ನು ಬಿಗಿಯಾಗಿ ಹಿಡಿಯುತ್ತದೆ. ಆಗಲೇ ಬಿರಿದಿದ್ದರೆ ಗಾಳಿ ಊದಿ ಧೂಳು ತೆಗೆದು, ರಬ್ಬರ್ ಬೆರೆಸಿದ ಬಿಸಿ ಡಾಂಬರು ತುಂಬಬೇಕು. ಬಿರುಕು ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ಮತ್ತೆ ಅದೇ ಹಲಸಿನ ಮೇಣದ ಕಥೆ. ಕೊಡಗಿನಲ್ಲಿ ಅದಕ್ಕೆ ಸಿಗುವ ಕಾಲ ಚಿಕ್ಕದು: ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ, ಕಾಫಿಯ ಹೂ ಅರಳಿಸುವ ಹೂಮಳೆ ಬೀಳುವ ಮೊದಲು.