ಪಾಸ್‌ವರ್ಡ್ ಬದಲಿಸಿದರೂ ಕಳ್ಳ ಮತ್ತೆ ಬಂದಿದ್ದು ಹೇಗೆ?

ಸ್ಪೈವೇರ್, ಅಂದರೆ ಗುಟ್ಟಾಗಿ ಮಾಹಿತಿ ಕದಿಯುವ ಪ್ರೋಗ್ರಾಂ, ಹೊಕ್ಕ ಕಂಪ್ಯೂಟರ್ ತಂದವರು ಮೊದಲು ಕೇಳುವುದು, "ಯಾವ ಆ್ಯಂಟಿವೈರಸ್ ಹಾಕಿಸಲಿ ಸಾರ್?" ನಾನು ಕೇಳುವುದು ಬೇರೆ. "ಇದನ್ನು ಮನೆಯಲ್ಲಿ ಯಾರ್ಯಾರು ಬಳಸುತ್ತೀರಿ? ಎಲ್ಲರದ್ದೂ ಒಂದೇ ವಿಂಡೋಸ್ ಅಕೌಂಟಾ?" ಹೆಚ್ಚಿನವರು ಹೌದು ಅನ್ನುತ್ತಾರೆ.

ಒಬ್ಬ ತಾಯಿಯ ಇಮೇಲನ್ನು ಯಾರೋ ಓದುತ್ತಿದ್ದರು. ಅವರು ಪಾಸ್‌ವರ್ಡನ್ನು ಎರಡು ಸಲ ಬದಲಿಸಿದ್ದರು. ಫೋನಿಗೆ ಒಟಿಪಿ ಬರುವ ವ್ಯವಸ್ಥೆಯೂ ಇತ್ತು. ಹುಡುಕಿದಾಗ ಗೊತ್ತಾಯಿತು, ಮಗ ಒಂದು ಆಟದ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಆಡಲು ಬೀಗ ಮುರಿದ ನಕಲು, ಡೌನ್‌ಲೋಡ್ ಮಾಡಿ ಓಡಿಸಿದ್ದ. ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಅಂತ ಅದರಲ್ಲೇ ಬರೆದಿತ್ತು. ಹುಡುಗ ಹಾಗೇ ಮಾಡಿದ್ದ, ಅದರೊಳಗಿದ್ದ ಸ್ಪೈವೇರ್ ಒಳಹೊಕ್ಕಿತ್ತು. ತಾಯಿ ಪಾಸ್‌ವರ್ಡ್ ಬದಲಿಸಿದ್ದೂ ಅದೇ ಕಂಪ್ಯೂಟರಿನಲ್ಲಿ. ಹೊಸದೂ ಕಳ್ಳನ ಕೈಗೇ ಹೋಯಿತು.

ಒಟಿಪಿ ಏಕೆ ತಡೆಯಲಿಲ್ಲ? ನೀವು ಒಮ್ಮೆ ಲಾಗಿನ್ ಆದ ಮೇಲೆ ಆ ಸೈಟ್ ನಿಮ್ಮ ಬ್ರೌಸರಿಗೆ ಒಂದು ಕುಕಿ ಕೊಡುತ್ತದೆ. ಜಾತ್ರೆಯ ಆಟದ ಗೇಟಿನಲ್ಲಿ ಕೈಗೆ ಒತ್ತುವ ಸೀಲಿನ ಹಾಗೆ, ಅದು ಇದ್ದರೆ ಮತ್ತೆ ಟಿಕೆಟ್ ಕೇಳುವುದಿಲ್ಲ. ಇನ್ಫೋಸ್ಟೀಲರ್ ಎಂಬ ಸ್ಪೈವೇರ್ ಕದಿಯುವುದು ಈ ಕುಕಿಯನ್ನೇ. ಜೊತೆಗೆ ಬ್ರೌಸರಿನಲ್ಲಿ ಸೇವ್ ಆದ ಪಾಸ್‌ವರ್ಡ್‌ಗಳನ್ನೂ ಎತ್ತಿಕೊಳ್ಳುತ್ತದೆ. ಇದಕ್ಕೆ ಎಷ್ಟೋ ಸಲ ಅಡ್ಮಿನಿಸ್ಟ್ರೇಟರ್ ಅಧಿಕಾರವೇ (ಇಡೀ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವ ಅಧಿಕಾರ) ಬೇಕಿಲ್ಲ. ಯಾರ ಅಕೌಂಟಿನಲ್ಲಿ ಓಡಿತೋ ಅವರದ್ದೆಲ್ಲ ಅದರ ಕೈಗೆ ಸಿಗುತ್ತದೆ.

ಅದಕ್ಕೇ ನಾನು ಅಕೌಂಟಿನ ವಿಷಯಕ್ಕೆ ಇಷ್ಟು ಹಟ ಹಿಡಿಯುವುದು. ಮನೆಯ ಪ್ರತಿಯೊಬ್ಬರಿಗೂ ಆ ಅಧಿಕಾರವಿಲ್ಲದ ಒಂದೊಂದು ಸ್ಟ್ಯಾಂಡರ್ಡ್ ಅಕೌಂಟ್ ಮಾಡಿ. ಅಡ್ಮಿನಿಸ್ಟ್ರೇಟರ್ ಅಕೌಂಟ್ ಪ್ರತ್ಯೇಕ ಇರಲಿ, ಹೊಸ ಪ್ರೋಗ್ರಾಂ ಹಾಕುವ, ಮುಖ್ಯ ಸೆಟ್ಟಿಂಗ್ ಬದಲಿಸುವಂಥ ಕೆಲಸಕ್ಕೆ ಮಾತ್ರ ಅದು ಬೇಕು. ಸ್ಟ್ಯಾಂಡರ್ಡ್ ಅಕೌಂಟಿನಲ್ಲಿ ಓಡುವ ಪ್ರೋಗ್ರಾಂಗೆ ಇನ್ನೊಬ್ಬರ ಫೋಲ್ಡರ್ ತೆರೆಯಲು ವಿಂಡೋಸ್ ಬಿಡುವುದಿಲ್ಲ. ಆ ಹುಡುಗನಿಗೆ ಬೇರೆ ಅಕೌಂಟ್ ಇದ್ದಿದ್ದರೆ ತಾಯಿಯ ಇಮೇಲ್ ಬಹುಶಃ ಉಳಿಯುತ್ತಿತ್ತು. ವಿಂಡೋಸಿನ ಆ್ಯಂಟಿವೈರಸ್ ಡಿಫೆಂಡರ್ ಆಫ್ ಮಾಡಲು ಅಡ್ಮಿನ್ ಪಾಸ್‌ವರ್ಡ್ ಕೇಳಿಕೊಂಡು ಅವನು ಅಮ್ಮನ ಹತ್ತಿರವೇ ಬರಬೇಕಾಗುತ್ತಿತ್ತು, ಅಲ್ವಾ?

ಆ್ಯಂಟಿವೈರಸ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಹುಟ್ಟಿದ್ದೇ ಸ್ಪೈವೇರ್ ಹಿಡಿಯಲು. 2012ರಲ್ಲಿ ಬಂದ ವಿಂಡೋಸ್ 8ರಲ್ಲಿ ಅದು ಪೂರ್ತಿ ಆ್ಯಂಟಿವೈರಸ್ ಆಯಿತು. ಅದರ ಎಕ್ಸ್‌ಕ್ಲೂಷನ್ಸ್ ಪಟ್ಟಿಯನ್ನು, ಅಂದರೆ ಅದು ಹುಡುಕದೆ ಬಿಡುವ ಫೋಲ್ಡರ್‌ಗಳ ಪಟ್ಟಿಯನ್ನು, ಮಾತ್ರ ಒಮ್ಮೆ ನೋಡಿ. ನೀವು ಸೇರಿಸದ ಫೋಲ್ಡರ್ ಅಲ್ಲಿದ್ದರೆ ಅನುಮಾನ ಪಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದೇ ಇದ್ದರೆ 11ಕ್ಕೆ ಹೋಗಿ, ಇಲ್ಲವೇ ವಿಸ್ತರಿತ ಭದ್ರತಾ ಅಪ್‌ಡೇಟಿಗೆ ನೋಂದಾಯಿಸಿ.

ಈಚೆಗೆ ನನಗೆ ಹೆಚ್ಚು ಭಯ ಹುಟ್ಟಿಸಿರುವುದು ನಕಲಿ ಕ್ಯಾಪ್ಚಾ. "ನೀವು ರೋಬೋಟ್ ಅಲ್ಲ ಎಂದು ತೋರಿಸಲು ವಿಂಡೋಸ್ ಕೀ ಮತ್ತು ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಎಂಟರ್" ಅನ್ನುತ್ತದೆ. ಅಷ್ಟರಲ್ಲಿ ಆ ಪುಟ ಒಂದು ಕಮಾಂಡನ್ನು ಸದ್ದಿಲ್ಲದೆ ಕಾಪಿ ಮಾಡಿಟ್ಟಿರುತ್ತದೆ. ಮೊದಲ ಒತ್ತು ಕಮಾಂಡ್ ಓಡಿಸುವ ಪೆಟ್ಟಿಗೆ ತೆರೆಯುತ್ತದೆ, ಎರಡನೆಯದು ಅದನ್ನು ಅಲ್ಲಿ ಅಂಟಿಸುತ್ತದೆ, ಎಂಟರ್ ಓಡಿಸುತ್ತದೆ. ಎಂಟರ್ ಒತ್ತಿದವರು ನೀವೇ ಆದ್ದರಿಂದ ಎಷ್ಟೋ ತಡೆಗಳು ಸುಮ್ನೆ ಕೂರುತ್ತವೆ. ನಿಜವಾದ ಕ್ಯಾಪ್ಚಾ ಯಾವತ್ತೂ ಹೀಗೆ ಕೇಳುವುದಿಲ್ಲ.

ಬ್ರೌಸರ್ ಎಕ್ಸ್‌ಟೆನ್ಷನ್‌ಗಳನ್ನೂ, ಅಂದರೆ ಬ್ರೌಸರಿಗೆ ಸೇರಿಸಿಕೊಂಡ ಸಣ್ಣ ಪ್ರೋಗ್ರಾಂಗಳನ್ನೂ, ನೋಡಿ. ಎಲ್ಲ ಸೈಟುಗಳ ಮಾಹಿತಿ ಓದುವ, ಬದಲಿಸುವ ಅನುಮತಿ ಪಡೆದದ್ದು ನೀವು ಟೈಪ್ ಮಾಡುವುದನ್ನೂ ನೋಡಬಲ್ಲದು. ಬಳಸದಿದ್ದರೆ ತೆಗೆದುಹಾಕಿ.

ಸ್ಪೈವೇರ್ ಹೊಕ್ಕಿದೆ ಅನಿಸಿದರೆ ಮೊದಲು ನೆಟ್ ಕಿತ್ತುಬಿಡಿ. ಬೇರೊಂದು ಸಾಧನದಿಂದ, ಫೋನಿನಿಂದ ಆದರೂ ಸರಿ, ಇಮೇಲ್ ಪಾಸ್‌ವರ್ಡ್ ಬದಲಿಸಿ. ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿ. ಕದ್ದ ಕುಕಿ ಆಗಲೇ ಸಾಯುವುದು. ಬ್ಯಾಂಕ್ ಮತ್ತು ಉಳಿದವು ಆಮೇಲೆ. ನಂತರ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಅದು ವಿಂಡೋಸ್ ಶುರುವಾಗುವ ಮೊದಲೇ ಹುಡುಕುತ್ತದೆ, ಸುಮಾರು 15 ನಿಮಿಷ ಸಾಕು. ಇನ್ಫೋಸ್ಟೀಲರ್ ಅಂತ ಖಚಿತವಾದರೆ ನಾನು ಸ್ಕ್ಯಾನ್ ನಂಬಿ ಕೂರುವುದಿಲ್ಲ. ಫೋಟೊ, ಕಾಗದಪತ್ರ ಉಳಿಸಿಕೊಂಡು ವಿಂಡೋಸನ್ನೇ ಹೊಸದಾಗಿ ಹಾಕುತ್ತೇನೆ.

ಇಷ್ಟಾದ ಮೇಲೂ ಇಮೇಲಿನ ಸೆಟ್ಟಿಂಗ್ಸ್ ತೆರೆದು ಫಾರ್ವರ್ಡಿಂಗ್ ನೋಡಿ. ಆ ತಾಯಿಗೆ ಬರುವ ಪ್ರತಿ ಇಮೇಲಿನ ನಕಲೂ ಅವರಿಗೆ ಗೊತ್ತಿಲ್ಲದ ಇನ್ನೊಂದು ವಿಳಾಸಕ್ಕೆ ಹೋಗುತ್ತಿತ್ತು.